ಎಂಬತ್ತು ದಾಟದ ಲಾರಿ

ನಮ್ಮ ಕಟ್ಟಡದ ನೆಲಮಹಡಿಯಲ್ಲಿರುವ ಲಾರಿ ಚಾಲಕರನ್ನು ಅವರ ಯಾರ್ಡಿನವರೆಲ್ಲ ‘ಎಂಬತ್ತು’ ಎಂದು ಕರೆಯುತ್ತಾರೆ. ಅದು ವಯಸ್ಸಲ್ಲ, ವಯಸ್ಸು ಐವತ್ತೇಳು. ಹೆದ್ದಾರಿಯಲ್ಲಿ ಕಾರುಗಳಿಗೆ ನೂರಾಹತ್ತು, ಭಾರಿ ವಾಹನಗಳಿಗೆ ಎಂಬತ್ತು ಕಿಲೋಮೀಟರು ಮಿತಿ ಎಂದು ಫಲಕಗಳಲ್ಲಿ ದಪ್ಪಕ್ಷರದಲ್ಲೇ ಬರೆದಿದೆ. ಅದನ್ನು ಓದುವವರು ಬಹಳ, ಪಾಲಿಸುವವರು ಇವರೊಬ್ಬರೇ ಎಂಬುದು ಯಾರ್ಡಿನ ತಮಾಷೆ. ಎಡಗಡೆಯ ಪಥವನ್ನು ಬಿಟ್ಟು ಅಲ್ಲಾಡುವುದಿಲ್ಲ. ಹಿಂದಿನಿಂದ ಹಾರನ್ ಬಡಿಯುವ ಕಾರಿನವರು ನೂರಮೂವತ್ತರಲ್ಲಿ ನುಗ್ಗಿ ಹೋಗುವಾಗ ಕೈ ಬೀಸಿ ಬೈದರೂ ಇವರು ತಿರುಗಿ ನೋಡುವುದಿಲ್ಲ. ಆ ಕಾರಿನವರಿಗೆ ನೋಟೀಸು ಹೋಗಿದ್ದನ್ನು ನಾನು ಈವರೆಗೆ ಕೇಳಿಲ್ಲ. ನೋಟೀಸು ಬಂದದ್ದು ಇವರಿಗೆ.

ಆ ವಿಷಯಕ್ಕೆ ಬರುವ ಮುನ್ನ ಅವರ ಸ್ವಭಾವವನ್ನು ಹೇಳಬೇಕು. ಅವರು ಯಾರನ್ನೂ ಸುಲಭಕ್ಕೆ ನಂಬುವವರಲ್ಲ. ಮೆಕ್ಯಾನಿಕ್ಕು ನಟ್ಟು ಬಿಗಿ ಮಾಡಿದ ಮೇಲೆ ಸ್ಪ್ಯಾನರು ಇಸಿದುಕೊಂಡು ತಾವೇ ಇನ್ನೊಮ್ಮೆ ಬಿಗಿ ಮಾಡುತ್ತಾರೆ. ಬಂಕಿನ ಮೀಟರು ಸೊನ್ನೆಯಿಂದಲೇ ಶುರುವಾಯಿತೇ ಎಂದು ಕ್ಯಾಬಿನ್ನಿನಿಂದ ಇಳಿದು ಹೋಗಿ ನೋಡುತ್ತಾರೆ. ಗ್ಯಾಸ್ ಆರಿಸಿದ್ದೇನೆಂದು ಹೆಂಡತಿ ಹೇಳಿದರೆ ‘ಹೌದಾ’ ಎನ್ನುತ್ತಲೇ ಅಡುಗೆಮನೆಗೆ ನಡೆಯುತ್ತಾರೆ. ಮದುವೆಯ ದಿನ ತನ್ನ ಮುಖವನ್ನೂ ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡರೆಂದು ಆಕೆ ನಗುತ್ತಾರೆ. ನನ್ನ ಪರಿಚಯವಾದದ್ದೂ ಹಾಗೆಯೇ. ನಾನು ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತನಾದವನೆಂದು ತಿಳಿದ ದಿನವೇ ಮೆಟ್ಟಿಲು ಹತ್ತಿ ಬಂದು, ಮೂಲೆಯ ತರಕಾರಿ ಅಂಗಡಿಯ ತಕ್ಕಡಿಯ ಬಗ್ಗೆ ನನ್ನ ಅಭಿಪ್ರಾಯ ಕೇಳಿದರು. ಆ ತಕ್ಕಡಿ ಸರಿಯಿಲ್ಲ ಎಂದು ನಾನೂ ಮೊದಲಿನಿಂದ ಶಂಕಿಸಿದ್ದೆ. ಅಂದಿನಿಂದ ನಮ್ಮ ಸ್ನೇಹ ಗಟ್ಟಿಯಾಯಿತು. ನನಗೆ ‘ತಕ್ಕಡಿ ಸಾಹೇಬರು’ ಎಂಬ ಹೆಸರೂ ಗಟ್ಟಿಯಾಯಿತು.

ಇಂಥ ಮನುಷ್ಯರು ಲೋಕದಲ್ಲಿ ನಂಬಿದ್ದು ಒಂದೇ ವಸ್ತುವನ್ನು: ಲಾರಿಯ ಸ್ಪೀಡ್ ಗವರ್ನರ್. ಭಾರಿ ವಾಹನಗಳು ಮಿತಿ ಮೀರದಂತೆ ಎಂಜಿನ್ನಿಗೆ ಜೋಡಿಸಿ ಸೀಸದ ಮುದ್ರೆ ಒತ್ತಿರುವ ಸಾಧನ ಅದು. ಎಂಬತ್ತು ಮುಟ್ಟಿದೊಡನೆ ಅದು ಡೀಸೆಲನ್ನು ತಡೆಯುತ್ತದೆ. ಪೆಡಲನ್ನು ನೆಲಕ್ಕೆ ಒತ್ತಿದರೂ ಲಾರಿ ಮುಂದಕ್ಕೆ ಜಗ್ಗುವುದಿಲ್ಲ. ಆ ಕ್ಷಣ ಪೆಡಲಿನಡಿಯಲ್ಲಿ ಜೀವ ಹೋದಂತಾಗುತ್ತದೆಂದೂ ಅದನ್ನು ತಮ್ಮ ಪಾದ ಬಲ್ಲದೆಂದೂ ಅವರು ಹೇಳುತ್ತಿದ್ದರು. ಗವರ್ನರ್ ಕೂಡಿಸಿದ ಮೇಲೆ ಅವರು ವೇಗದ ಮುಳ್ಳನ್ನು ನೋಡುವುದನ್ನೇ ಬಿಟ್ಟರು. ಬಿಸಿಲಿನಲ್ಲಿ ಮೀಟರಿನ ಗಾಜು ಫಳಫಳಿಸಿ ಕಣ್ಣು ಚುಚ್ಚುತ್ತದೆಂದು ಹೆಂಡತಿಯ ಕೈಯಲ್ಲಿ ಒಂದು ಅಂಗೈಯಗಲದ ಹೂವಿನ ಬಟ್ಟೆಯ ಪರದೆ ಹೊಲಿಸಿ ಅದರ ಮುಂದೆ ಇಳಿಬಿಟ್ಟರು. ಅವರ ಜೊತೆ ಚಾಲಕ, ಅಂದರೆ ಹೆಂಡತಿಯ ತಮ್ಮ, ತನ್ನ ಸರದಿ ಬಂದಾಗ ಆ ಪರದೆಯನ್ನು ಮೇಲಕ್ಕೆ ಮಡಚುತ್ತಿದ್ದ; ಇವರು ಬಂದು ಮತ್ತೆ ಇಳಿಸುತ್ತಿದ್ದರು.

ನೋಟೀಸಿನ ಜೊತೆ ಒಂದು ಛಾಯಾಚಿತ್ರವಿತ್ತು. ಲಾರಿಯ ಹಿಂಭಾಗ, ನೋಂದಣಿ ಸಂಖ್ಯೆ, ದಿನಾಂಕ, ವೇಗ ತೊಂಬತ್ತಮೂರು. ಸ್ಥಳ, ಹೆದ್ದಾರಿಯ ಉದ್ದ ಇಳಿಜಾರು ಮುಗಿಯುವಲ್ಲಿನ ಕ್ಯಾಮೆರಾ. ಚಾಲಕನ ಮುಖ ಕಾಣುವುದಿಲ್ಲ. ವಾಹನ ಓಡಿಸುತ್ತಿದ್ದವರು ಯಾರೆಂದು ವಿಚಾರಣೆಗೆ ಬಂದು ತಿಳಿಸಬೇಕು. ಹಾಗೆ ತಿಳಿಸಿದವರ ಭಾರಿ ವಾಹನ ಪರವಾನಗಿ ಮೂರು ತಿಂಗಳು ಅಮಾನತಾಗುತ್ತದೆ. ಪರವಾನಗಿ ಅಮಾನತಾದ ಚಾಲಕನನ್ನು ಯಾರ್ಡಿನ ಮಾಲೀಕರು ಮತ್ತೆ ಸೇರಿಸಿಕೊಂಡ ಉದಾಹರಣೆ ಅದುವರೆಗೆ ಇರಲಿಲ್ಲ. ಐವತ್ತೇಳರ ಚಾಲಕನಿಗೆ ಹೊಸ ಯಾರ್ಡು ಸಿಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು.

ಎಂಬತ್ತು ಆ ಹಾಳೆಯನ್ನು ಹಿಡಿದು ನನ್ನ ಮನೆಯ ಬಾಗಿಲಲ್ಲಿ ನಿಂತಾಗ ಅವರ ಮುಖ ಬಿಳಿಚಿಕೊಂಡಿತ್ತು. ಹೆದರಿಕೆಗಿಂತ ಅವಮಾನವೇ ಹೆಚ್ಚಾಗಿತ್ತೆಂದು ನನಗೆ ತೋರಿತು.

ಮೊದಲ ಶಂಕೆ ಕ್ಯಾಮೆರಾದ ಮೇಲೆ. ಅಳೆಯುವ ಯಾವ ಸಾಧನವೂ ತಾನಾಗಿಯೇ ಸತ್ಯ ನುಡಿಯುವುದಿಲ್ಲ, ಅದನ್ನು ಕಾಲಕಾಲಕ್ಕೆ ಪರೀಕ್ಷಿಸಬೇಕು ಎಂಬುದು ನನ್ನ ಇಡೀ ಸೇವೆಯ ಅನುಭವ. ನಾನೇ ಸಾರಿಗೆ ಕಚೇರಿಗೆ ಹೋಗಿ ಕ್ಯಾಮೆರಾದ ಪರೀಕ್ಷಾ ಪ್ರಮಾಣಪತ್ರ ತೋರಿಸಿ ಎಂದೆ. ಕಿಟಕಿಯಿಂದ ಕಿಟಕಿಗೆ ಅಲೆಸಿದರು. ಕೊನೆಗೆ ತೋರಿಸಿದರು, ಅದು ಕ್ರಮಬದ್ಧವಾಗಿತ್ತು. ನನಗೆ ಬೇಸರವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ.

ಎರಡನೆಯ ಶಂಕೆ ಗವರ್ನರಿನ ಮೇಲೆ. ಯಾರ್ಡಿಗೆ ಹೋಗಿ ಭೂತಗನ್ನಡಿ ಹಿಡಿದು ಸೀಸದ ಮುದ್ರೆಯನ್ನು ನೋಡಿದೆ. ಮುರಿದ, ಬಿಸಿ ಮಾಡಿ ಅಂಟಿಸಿದ ಯಾವ ಗುರುತೂ ಇರಲಿಲ್ಲ. ಎಂಬತ್ತು ನನ್ನ ಭುಜದ ಮೇಲಿನಿಂದ ಬಗ್ಗಿ ಅದನ್ನೇ ನೋಡುತ್ತಿದ್ದರು. ನೆಟ್ಟಗಾದಾಗ ಅವರ ಕಣ್ಣು ಸಣ್ಣದಾಗಿತ್ತು.

“ಸಾಹೇಬ್ರೇ, ಲಾರಿ ಸರಿಯಿದೆ, ಕ್ಯಾಮೆರಾ ಸರಿಯಿದೆ. ನನ್ನ ಕಾಲು ಎಂಬತ್ತು ದಾಟಲ್ಲ. ಅಂದ್ರೆ ಅವತ್ತು ಅಲ್ಲಿದ್ದದ್ದು ಬೇರೆಯವರ ಕಾಲು,” ಎಂದರು.

ಬೇರೆಯವರೆಂದರೆ ಆ ಕ್ಯಾಬಿನ್ನಿನಲ್ಲಿ ಇದ್ದವನು ಒಬ್ಬನೇ.

ನಿಗದಿತ ಗಂಟೆಗಳಿಗಿಂತ ಹೆಚ್ಚು ಹೊತ್ತು ಒಬ್ಬನೇ ಓಡಿಸಬಾರದೆಂಬ ನಿಯಮಕ್ಕಾಗಿ ಭಾವ ಬಾಮೈದ ಇಬ್ಬರೂ ಒಂದೇ ಲಾರಿಯಲ್ಲಿ ಹೋಗುತ್ತಾರೆ. ಇಳಿಜಾರಿಗೆ ಮುಂಚಿನ ಬಂಕಿನಲ್ಲಿ ಸಾಮಾನ್ಯವಾಗಿ ಭಾವನ ಸರದಿ ಮುಗಿದು ಕೈ ಬದಲಾಗುತ್ತದೆ. ಎಂಬತ್ತರ ಪ್ರಕಾರ ಆ ದಿನವೂ ಬದಲಾಗಿತ್ತು. ಬಾಮೈದ ಇಲ್ಲವೆಂದ, ಆ ದಿನ ತನಗೆ ಹಲ್ಲುನೋವು, ಕ್ಯಾಬಿನ್ನಿನ ಹಿಂದಿನ ಮಂಚದಲ್ಲಿ ಮಲಗಿದ್ದೆ, ಇಳಿಜಾರಿನಲ್ಲಿ ಓಡಿಸಿದವರು ಭಾವನೇ ಎಂದ. ನೋಟೀಸು ಬರುವಷ್ಟರಲ್ಲಿ ವಾರಗಳೇ ಉರುಳಿದ್ದವು. ಅದೇ ರಸ್ತೆ, ಅದೇ ಬಂಕು, ಅದೇ ಚಹಾ. ಒಂದು ದಿನಕ್ಕೂ ಇನ್ನೊಂದಕ್ಕೂ ಗುರುತು ಉಳಿಯುವ ಕೆಲಸವಲ್ಲ ಅದು.

“ಹಲ್ಲುನೋವಂತೆ. ಬಾಯಿ ಬಿಟ್ರೆ ಮೂವತ್ತೆರಡೂ ಕಾಣುತ್ತೆ, ಒಂದಾದ್ರೂ ಅಲ್ಲಾಡ್ತಿದೆಯಾ?” ಎಂದು ಎಂಬತ್ತು ನನ್ನೆದುರು ಮೂಗು ಮುರಿದರು.

ಆಮೇಲಿನ ದಿನಗಳಲ್ಲಿ ಅವರಿಬ್ಬರೂ ಒಂದೇ ಲಾರಿಯಲ್ಲಿ ಮಾತಿಲ್ಲದೆ ಓಡಾಡಿದರು. ಎಂಬತ್ತು ದಾರಿಯಲ್ಲಿ ಲಾರಿ ನಿಲ್ಲಿಸಿ ಮಲಗುವ ಮುನ್ನ ಚಾಲಕನ ಸೀಟಿನ ಹಳಿಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯತೊಡಗಿದರು. ಬಾಮೈದನ ಕಾಲು ಉದ್ದ, ಅವನು ಕದ್ದು ಓಡಿಸಲು ಸೀಟನ್ನು ಹಿಂದೆ ತಳ್ಳಿದರೆ ಎದ್ದಾಗ ಗೊತ್ತಾಗಲಿ ಎಂದು. ನಿದ್ದೆಯಲ್ಲೂ ಎಂಜಿನ್ನಿನ ಸದ್ದಿಗೆ ಕಿವಿ ನೆಟ್ಟಗೆ ಮಾಡಿಕೊಂಡು ಮಲಗುತ್ತಿದ್ದರು. ಮನೆಯಲ್ಲಿ ಅಕ್ಕ ತಮ್ಮನಿಗೆ ತಟ್ಟೆ ಹಾಕಿದರೆ ಇವರು ತಮ್ಮ ತಟ್ಟೆ ಹಿಡಿದು ಹೊರಗಿನ ಕಟ್ಟೆಗೆ ನಡೆಯುತ್ತಿದ್ದರು. ಆಕೆ ಇಬ್ಬರ ನಡುವೆ ನಿಂತು ಸೋತು, ಒಂದು ದಿನ ನನ್ನ ಹೆಂಡತಿಯ ಬಳಿ ಕಣ್ಣೊರೆಸಿಕೊಂಡರಂತೆ.

ಬಾಮೈದನ ಮೇಲೆ ನನಗೂ ಸಂದೇಹವಿತ್ತು. ಸದಾ ಶಿಳ್ಳೆ ಹಾಕುವ, ಬೈದರೂ ಹಲ್ಲು ಕಿರಿಯುವ ಆಳು. ಅದಕ್ಕಿಂತ ಮುಖ್ಯವಾಗಿ, ಪ್ರಮಾಣಪತ್ರಕ್ಕಾಗಿ ನಾನು ಅಲೆದ ದಿನ ಅವನು ಸಾರಿಗೆ ಕಚೇರಿಯ ಪಕ್ಕದ ಬಾಗಿಲಿನಿಂದ ಹೊರಬಂದದ್ದನ್ನು ನಾನು ಸ್ವತಃ ಕಂಡಿದ್ದೆ. ನನ್ನನ್ನು ನೋಡಿ ಗೂಡಂಗಡಿಯ ಹಿಂದೆ ಸರಿದ. ನಿರಪರಾಧಿಗೆ ಅಲ್ಲಿ ಗುಟ್ಟಾಗಿ ಏನು ಕೆಲಸ? ನಾನು ಕಂಡದ್ದನ್ನು ಎಂಬತ್ತರಿಗೆ ಹೇಳಿದೆ. ಅವರು ಅದೇ ಸಂಜೆ ನನ್ನೆದುರೇ ಅವನನ್ನು ಕೇಳಿಯೇಬಿಟ್ಟರು.

“ವಿಚಾರಣೆ ದಿನ ನಾನೇ ಓಡಿಸಿದ್ದು ಅಂತ ಹೇಳ್ತೀನಿ ಭಾವ. ಅದರ ವಿಷಯ ಕೇಳೋಕೇ ಹೋಗಿದ್ದೆ. ನಿಮ್ಮ ಲೈಸೆನ್ಸು ಉಳೀಲಿ. ನಂಗೇನು, ಮೂರು ತಿಂಗಳು ಎಲ್ಲಾದ್ರೂ ಮೂಟೆ ಹೊರ್ತೀನಿ.”

ಎಂಬತ್ತು ನನ್ನತ್ತ ನೋಡಿದ ನೋಟದಲ್ಲಿ ‘ಕಂಡಿರಾ, ಒಪ್ಪಿಕೊಂಡ’ ಎಂಬ ಗೆಲುವಿತ್ತು. ಅಲ್ಲಿಗೆ ಎಲ್ಲವೂ ಮುಗಿದಿತ್ತು. ಆದರೆ ನನಗೆ ಅದು ಒಗ್ಗಲಿಲ್ಲ. ‘ನಾನೇ ಓಡಿಸಿದ್ದು’ ಎನ್ನುವುದು ಒಂದು, ‘ನಾನೇ ಓಡಿಸಿದ್ದು ಅಂತ ಹೇಳುತ್ತೇನೆ’ ಎನ್ನುವುದು ಬೇರೊಂದು. ತೂಕದಲ್ಲಿ ಜಗಳ ಬಂದಾಗ ನಾವು ಮಾಡುತ್ತಿದ್ದುದು ಒಂದೇ ಕೆಲಸ: ಅದೇ ವಸ್ತು, ಅದೇ ತಕ್ಕಡಿ, ಎಲ್ಲರ ಎದುರಿಗೆ ಮತ್ತೊಮ್ಮೆ ತೂಗುವುದು. ಆ ದಿನ ಲಾರಿಯಲ್ಲಿ ಏನಿತ್ತು ಎಂದು ಕೇಳಿದೆ. ನೆಲಕ್ಕೆ ಹಾಸುವ ಟೈಲ್ಸ್ ಎಂದರು. ಆ ದಾರಿಯಲ್ಲಿ ಸಾಮಾನ್ಯವಾಗಿ ಅವರು ಒಯ್ಯುವುದು ಫೋಮಿನ ಹಾಸಿಗೆಗಳನ್ನು, ಟೈಲ್ಸ್ ಅಪರೂಪ. ವಿಚಾರಣೆಗೆ ಮುನ್ನ ಟೈಲ್ಸಿನ ಇನ್ನೊಂದು ಲೋಡು ಹೊರಡಲಿತ್ತು. ನಾನೂ ಬರುತ್ತೇನೆಂದೆ. ಕ್ಯಾಬಿನ್ನಿನಲ್ಲಿ ಮೂವರಿಗೆ ಅನುಮತಿ ಇದೆಯೆಂಬುದನ್ನು ನೋಂದಣಿ ಪತ್ರದಲ್ಲಿ ಓದಿಕೊಂಡೇ ಹತ್ತಿದೆ.

ಇಬ್ಬರು ಮಾತಾಡದವರ ನಡುವೆ ಕೂತು ಅರ್ಧ ದಿನ ಪ್ರಯಾಣ ಮಾಡುವುದು ನನ್ನ ಮಂಡಿಗಳಿಗೂ ಹಿತವಾಗಿರಲಿಲ್ಲ, ಮನಸ್ಸಿಗೂ ಇರಲಿಲ್ಲ. ಬಂಕಿನಲ್ಲಿ ಚಹಾ ಕುಡಿದ ಮೇಲೆ, ನಾನು ಕೇಳಿಕೊಂಡಂತೆ, ಎಂಬತ್ತೇ ಸ್ಟೀರಿಂಗ್ ಹಿಡಿದರು. ಇಳಿಜಾರಿನ ಎಚ್ಚರಿಕೆ ಫಲಕದ ಮುಂದೆ ಯಾವುದೋ ಬಿಸ್ಕತ್ತಿನ ಜಾಹೀರಾತು ನಿಂತಿರುವುದನ್ನು ನಾನು ಗಮನಿಸಿದೆ. ಫಲಕದಲ್ಲಿ ಕಂಡದ್ದು ಕೊನೆಯ ಎರಡಕ್ಷರ ಮಾತ್ರ. ರಸ್ತೆ ಕೆಳಮುಖವಾಯಿತು.

“ನೋಡಿ ಸಾಹೇಬ್ರೇ, ಪೆಡಲು ಪೂರ್ತಿ ಒತ್ತಿದೀನಿ. ಜೀವ ಇಲ್ಲ. ಎಂಬತ್ತರಲ್ಲಿ ನಿಂತುಬಿಟ್ಟಿದೆ,” ಎಂದರು.

ಎಡಗಡೆಯ ಕಂಬಗಳು ಹಿಂದೆ ಸರಿಯುವ ವೇಗ ನನಗೆ ಸರಿ ಕಾಣಲಿಲ್ಲ. ಅವರ ಅಪ್ಪಣೆ ಕೇಳಿ ಹೂವಿನ ಪರದೆಯನ್ನು ಎತ್ತಿದೆ. ಮುಳ್ಳು ಎಂಬತ್ತೇಳರ ಮೇಲಿತ್ತು. ನೋಡುತ್ತಿದ್ದಂತೆ ಇನ್ನೂ ಬಲಕ್ಕೆ ವಾಲಿತು. ಬಾಮೈದ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದ. ಎಂಬತ್ತು ಒಮ್ಮೆ ನೋಡಿ, ಮೀಟರು ಕೆಟ್ಟಿದೆ ಎಂದರು. ಇನ್ನೊಮ್ಮೆ ನೋಡಿದರು. ಆಮೇಲೆ ಪೆಡಲಿನಿಂದ ಕಾಲು ತೆಗೆದು, ಬ್ರೇಕು ಒತ್ತಿ, ಗೇರು ಇಳಿಸಿದರು. ಲಾರಿ ಮೈಯೆಲ್ಲ ನಡುಗಿ ನಿಧಾನವಾಯಿತು. ಕ್ಯಾಮೆರಾ ಇನ್ನೂ ದೂರವಿತ್ತು. ಭಾರಿ ವಾಹನಗಳು ಬ್ರೇಕು ಪರೀಕ್ಷಿಸಿಕೊಳ್ಳಲು ಬಿಟ್ಟಿರುವ ಜಾಗಕ್ಕೆ ತಿರುಗಿಸಿ ನಿಲ್ಲಿಸಿದರು.

ಎಂಜಿನ್ನು ಆರಿಸಿದ ಮೇಲೂ ಅವರ ಕೈ ಸ್ಟೀರಿಂಗಿನ ಮೇಲೇ ಇತ್ತು. ಚಕ್ರಗಳಿಂದ ಸುಟ್ಟ ವಾಸನೆ ಬರುತ್ತಿತ್ತು.

“ನಿಂಗೆ ಗೊತ್ತಿತ್ತೇನೋ?” ಎಂದು ಬಾಮೈದನನ್ನು ಕೇಳಿದರು. ಆ ಸಂಜೆಯ ನಂತರ ಅವನಿಗೆ ಹೇಳಿದ ಮೊದಲ ನೇರ ಮಾತು ಅದು.

“ಗೊತ್ತಿತ್ತು ಭಾವ. ಗವರ್ನರ್ ಡೀಸೆಲ್ ನಿಲ್ಲಿಸುತ್ತೆ. ಹಿಂದಿರೋ ಟೈಲ್ಸನ್ನ ನಿಲ್ಲಿಸುತ್ತಾ? ಹಾಸಿಗೆ ತುಂಬಿದ್ರೆ ಇಳಿಜಾರಲ್ಲೂ ತೆಪ್ಪಗಿರುತ್ತೆ. ಭಾರ ಇದ್ರೆ ಅದೇ ತಳ್ಕೊಂಡು ಹೋಗುತ್ತೆ.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ. ನಿಂಗೆ ಮೀಸೆ ಬರೋಕೆ ಮುಂಚೆ ನಂಗೆ ಲೈಸೆನ್ಸು ಬಂದಿದೆ ಅಂದ್ರಿ.”

ಆಮೇಲೆ ಎಂಬತ್ತು ಆಡಿದ ಮಾತು ನನಗಲ್ಲ, ಅವನಿಗೂ ಅಲ್ಲ, ಎದುರಿನ ಗಾಜಿಗೆ ಹೇಳಿದಂತಿತ್ತು.

“ಅವತ್ತು ನಿಂಗೆ ಕೆನ್ನೆ ಊದಿತ್ತು. ಬಂಕಿನ ಎದುರಿನ ಅಂಗಡಿಯಿಂದ ಮಾತ್ರೆ ತಂದುಕೊಟ್ಟವನು ನಾನೇ.”

“ಹೂಂ. ಬಿಸಿನೀರೂ ತಂದಿದ್ರಿ.”

ವಿಚಾರಣೆಗೆ ಇನ್ನು ಎರಡು ದಿನವಿತ್ತು. ಬಾಮೈದ ತನ್ನ ಮಾತಿನಿಂದ ಹಿಂದೆ ಸರಿಯಲಿಲ್ಲ. ಭಾವ ಈ ವಯಸ್ಸಿನಲ್ಲಿ ಕೆಲಸ ಕಳೆದುಕೊಂಡರೆ ಅಕ್ಕನ ಮನೆ ನಡೆಯುವುದು ಹೇಗೆ ಎಂದು ನನ್ನನ್ನೇ ಕೇಳಿದ. ಚಿತ್ರದಲ್ಲಿ ಮುಖವಿಲ್ಲ, ಸಾಕ್ಷಿಯಿಲ್ಲ. ಸುಳ್ಳು ಹೇಳಿದರೆ ಹಿಡಿಯುವವರೂ ಇರಲಿಲ್ಲ, ನನ್ನೊಬ್ಬನನ್ನು ಬಿಟ್ಟು. ನನ್ನನ್ನು ಅವರು ಬಾಯಿ ಮುಚ್ಚಿಕೊಂಡಿರಿ ಎಂದು ಕೇಳಲಿಲ್ಲ. ಕೇಳಬಹುದೆಂಬ ಅನುಮಾನದಲ್ಲಿ ನಾನು ಎರಡು ದಿನವೂ ಕೆಳಗಿಳಿಯಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಒಂದು ಮೇಜು, ನೀರಿನ ಹೂಜಿ, ಗೋಡೆಯ ಮೇಲೆ ವೇಗಮಿತಿಯ ಕೋಷ್ಟಕ. ಅಧಿಕಾರಿ ಕನ್ನಡಕದ ನಡುವಯಸ್ಸಿನ ಹೆಂಗಸು. ಓಡಿಸಿದವರು ಯಾರೆಂದು ಆಕೆ ಕೇಳಿದಾಗ ಬಾಮೈದ ಕುರ್ಚಿಯಿಂದ ಅರ್ಧ ಎದ್ದಿದ್ದ. ಎಂಬತ್ತು ಅವನ ಭುಜದ ಮೇಲೆ ಕೈಯಿಟ್ಟು ಕೂರಿಸಿದರು.

“ನಾನು. ಇವನು ಹಲ್ಲುನೋವಿಂದ ಹಿಂದೆ ಮಲಗಿದ್ದ.”

“ತೊಂಬತ್ತಮೂರರಲ್ಲಿ ಹೋಗ್ತಿದೀನಿ ಅಂತ ನಿಮಗೆ ಗೊತ್ತಾಗ್ಲಿಲ್ವಾ?” ಎಂದರು ಆಕೆ.

“ಎಂಬತ್ತರಲ್ಲಿದೀನಿ ಅಂತ ಗೊತ್ತಿತ್ತು ಮೇಡಂ. ಅದೇ ತಪ್ಪಾಗಿದ್ದು.”

ಪರವಾನಗಿ ಅಮಾನತಾಯಿತು. ಮುಚ್ಚಿಹೋದ ಎಚ್ಚರಿಕೆ ಫಲಕದ ಬಗ್ಗೆ ನಾನು ಎದ್ದು ನಿಂತು ಹೇಳಿದೆ. ಅದು ಬೇರೆ ವಿಭಾಗ ಎಂದರು. ಆ ಬೇರೆ ವಿಭಾಗಕ್ಕೂ ಬರೆದಿದ್ದೇನೆ. ಬಿಸ್ಕತ್ತಿನ ಜಾಹೀರಾತು ಇಂದಿಗೂ ಅಲ್ಲೇ ಇದೆ. ಇದರಿಂದ ಎಂಬತ್ತರ ತಪ್ಪು ಕಡಿಮೆಯಾಗುವುದಿಲ್ಲ. ಹಾಗೆಂದು ಆ ವಿಭಾಗದ ತಪ್ಪನ್ನು ಮರೆಯಲೂ ನಾನು ಸಿದ್ಧನಿಲ್ಲ.

ಯಾರ್ಡಿನ ಮಾಲೀಕರು ಅವರನ್ನು ತೆಗೆಯಲಿಲ್ಲ. ಒಳ್ಳೆಯತನದಿಂದ ಎಂದು ನಾನು ನಂಬುವುದಿಲ್ಲ: ಭಾವ ಹೋದರೆ ತಾನೂ ಹೋಗುತ್ತೇನೆಂದು ಬಾಮೈದ ಹೇಳಿದ್ದನಂತೆ. ಆ ಮೂರು ತಿಂಗಳು ಎಂಬತ್ತು ಹಮಾಲರ ಜೊತೆ ಲೋಡು ಕಟ್ಟಿಸಿ, ಗಂಟೆ ಮುಗಿದಾಗಲೆಲ್ಲ ಲಾರಿ ನಿಲ್ಲಿಸಿ ವಿಶ್ರಮಿಸುವ ಬಾಮೈದನ ಪಕ್ಕದ ಸೀಟಿನಲ್ಲಿ ಕೂತು ಹೋಗಿಬಂದರು. ಹೂವಿನ ಪರದೆಯಲ್ಲಿ ಈಗ ಕನ್ನಡಿ ಒರೆಸುತ್ತಾರೆ. ಇಳಿಜಾರು ಶುರುವಾದೊಡನೆ ಬಗ್ಗಿ ಮುಳ್ಳು ನೋಡುತ್ತಾರಂತೆ. ಬಾಮೈದ ಹೇಳಿದ ಸಂಖ್ಯೆಯನ್ನು ಮಾತ್ರ ಇಂದಿಗೂ ನಂಬುವುದಿಲ್ಲವಂತೆ. ಯಾರ್ಡಿನಲ್ಲಿ ಅವರ ಹೆಸರು ಸ್ವಲ್ಪ ಉದ್ದವಾಗಿದೆ. ‘ಎಂಬತ್ತು ಚಿಲ್ಲರೆ ಬಂದ್ರು’ ಎಂದು ಯಾರೋ ಕೂಗಿದಾಗ ನಾನೂ ಅಲ್ಲಿದ್ದೆ. ಅವರು ತಲೆ ಎತ್ತಿ, ಚಿಲ್ಲರೆಯಲ್ಲ, ಸರಿಯಾಗಿ ಹದಿಮೂರು ಎಂದು ತಿದ್ದಿದರು.