ನಾಷ್ಟಾ ಕೇಳುತ್ತಿದ್ದ ಕಾಕಾ

ಹೋದ ವಾರ ಮಿಯಾಪುರದ ಲ್ಯಾಬೊಂದರಲ್ಲಿ ಸಕ್ಕರೆ ಪರೀಕ್ಷೆಗೆ ರಕ್ತ ಕೊಡಲು ಕೂತಿದ್ದೆ. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಸೂಜಿ ಚುಚ್ಚುವ ಮೊದಲೇ ನನ್ನ ಕಣ್ಣಲ್ಲಿ ನೀರು. "ಭಯಮಾ ಮೇಡಂ?" ಎಂದಳು. ಭಯವೂ ಇಲ್ಲ, ಮಣ್ಣೂ ಇಲ್ಲ. ಆ ವಾಸನೆ ನಮ್ಮ ಕಾಕಾರದು... ಅದನ್ನು ಅವಳಿಗೆ ಹೇಗೆ ವಿವರಿಸಲಿ? ಹೌದೆಂದು ತಲೆಯಾಡಿಸಿದೆ.

ಮಾದಾಪುರದಲ್ಲಿ ಗಾಜಿನ ಕಟ್ಟಡಗಳು ಒಂದೊಂದಾಗಿ ಏಳುತ್ತಿದ್ದ ಕಾಲ ಅದು. ಮೆಟ್ರೋ ಅನ್ನುವ ಮಾತನ್ನೇ ಯಾರೂ ಆಡುತ್ತಿರಲಿಲ್ಲ. ನಾನು ಮಂಡ್ಯದಿಂದ ಬಂದು ಒಂದು ಕಾಲ್ ಸೆಂಟರ್ ಕಂಪನಿಯ ನೆಟ್‌ವರ್ಕ್ ವಿಭಾಗ ಸೇರಿದ್ದೆ. ಅಲ್ಲಿನ ಫೋನುಗಳನ್ನೆಲ್ಲ ನೋಡಿಕೊಳ್ಳುತ್ತಿದ್ದವರು ಕಾಕಾ. ರಾಯಚೂರು ಕಡೆಯವರು, ಐವತ್ತು ದಾಟಿದವರು. ನನ್ನ ಬಾಯಲ್ಲಿ ಕನ್ನಡ ಕೇಳಿದ ಖುಷಿಗೆ ಮೊದಲ ದಿನವೇ ನನ್ನನ್ನು "ತಂಗಿ" ಎಂದು ಕರೆದರು. ನಾನು ಕಾಕಾ ಎಂದೆ. ಅಷ್ಟೇ ನಮ್ಮ ಸಂಬಂಧ.

ಬೆಳಿಗ್ಗೆ ಮೆಹದಿಪಟ್ಟಣಂನಿಂದ ಬಸ್ಸು ಹಿಡಿದು ಎಲ್ಲರಿಗಿಂತ ಮೊದಲು ಬರುತ್ತಿದ್ದರು. ಚೀಲದಲ್ಲಿ ಒಂದು ಸ್ಪಿರಿಟ್ ಬಾಟಲಿ, ಹತ್ತಿಯ ಉಂಡೆ. ಮೂರು ಮಹಡಿ ಸುತ್ತಿ ಪ್ರತಿಯೊಂದು ಫೋನಿನ ರಿಸೀವರ್ ಒರೆಸುತ್ತಿದ್ದರು. ಜನ ಬಂದು ಕೂತ ಮೇಲೆ ತಮ್ಮ ಕೋಣೆಗೆ ಹೋಗಿ ಅವೇ ಫೋನುಗಳಿಗೆ ಒಂದೊಂದಾಗಿ ರಿಂಗ್ ಕೊಡುವರು. ಎತ್ತಿದವರು ಯಾರೇ ಇರಲಿ, ಪ್ರಶ್ನೆ ಒಂದೇ: ನಾಷ್ಟಾ ಏನು ಮಾಡಿದಿರಿ? ಹಿಂದಿಯವರಿಗೆ ಹಿಂದಿಯಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ. ಉಪ್ಪಿಟ್ಟು, ಪೆಸರಟ್ಟು, ಏನೂ ಇಲ್ಲ ಬರೀ ಚಹಾ... ಉತ್ತರ ಬಂದರೆ ನೋಟ್‌ಬುಕ್ಕಿನಲ್ಲಿ ಒಂದು ಟಿಕ್. ಇಡೀ ಆಫೀಸು ಅವರನ್ನು ಗೇಲಿ ಮಾಡುತ್ತಿತ್ತು. ನಾನೂ ಕಮ್ಮಿಯೇನಿರಲಿಲ್ಲ, ಅವರೆದುರಿಗೇ ನಗುತ್ತಿದ್ದೆ.

ನನ್ನನ್ನು ಕಂಪನಿಗೆ ತೆಗೆದುಕೊಂಡಿದ್ದೇ ಒಂದು ಸಾಫ್ಟ್‌ವೇರ್ ಹಾಕುವುದಕ್ಕೆ. ಕಟ್ಟಡದ ಪ್ರತಿ ಫೋನನ್ನೂ ಅದು ಕೂತಲ್ಲಿಂದಲೇ ಕಾಯುತ್ತದೆ. ಫೋನ್ ಚೆನ್ನಾಗಿದ್ದರೆ ಪರದೆಯ ಮೇಲೆ ಹಸಿರು ಚುಕ್ಕಿ, ಕೆಟ್ಟರೆ ಕೆಂಪು. ಕೆಟ್ಟ ಅರ್ಧ ನಿಮಿಷದೊಳಗೆ ನನಗೆ ಸಂದೇಶ. ಹಾಕುವುದೇನು ಸುಲಭವಿರಲಿಲ್ಲ. ಅರ್ಧ ದಾರಿಗೆ ಬಂದು ನಿಲ್ಲುತ್ತಿತ್ತು, ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಆಮೇಲೆ ಪ್ರತಿ ಫೋನಿನ ವಿಳಾಸ ಕೊಡಬೇಕು, ಯಾರು ಏನು ನೋಡಬಹುದು, ಏನು ಬದಲಿಸಬಹುದು ಎಂದು ಗೆರೆ ಹಾಕಬೇಕು. ನಾಲ್ಕನೆಯ ದಿನ ಚುಕ್ಕಿಗಳು ಒಂದೊಂದಾಗಿ ಹಸಿರಾಗತೊಡಗಿದಾಗ ನನ್ನ ತಲೆಗೆ ಕೊಂಬು ಬಂದಿತ್ತು. ಕಾಕಾರನ್ನು ಕರೆದು ತೋರಿಸಿದೆ.

ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಭಾಳ ಚಲೋ ಐತಿ ತಂಗಿ. ಇದು ನಾಷ್ಟಾ ಕೇಳ್ತೈತೇನು?" ಎಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರು ನಗಲಿಲ್ಲ.

ಆ ಸಂಜೆ ನಮ್ಮ ಮ್ಯಾನೇಜರ್ ನನ್ನನ್ನು ಒಳಗೆ ಕರೆದರು. ಬರುವ ಮಂಗಳವಾರ ದೊಡ್ಡ ಗಿರಾಕಿ ಕಂಪನಿಯ ಹೆಣ್ಣುಮಗಳೊಬ್ಬರು ನಮ್ಮ ವ್ಯವಸ್ಥೆ ನೋಡಲು ಬರುತ್ತಾರೆ, ಪರದೆ ಪೂರ್ತಿ ಹಸಿರಿರಬೇಕು ಎಂದರು. ಆಮೇಲೆ ದನಿ ತಗ್ಗಿಸಿ, "ಇದು ಸರಿಯಾಗಿ ನಡೆದರೆ ಆ ಮುದುಕರ ಕೆಲಸ ಈ ತಿಂಗಳಿಗೆ ಮುಗೀತು" ಎಂದರು. ಮಾತಿಗೆ ಮಾತು ಕೊಡುವುದರಲ್ಲಿ ಊರಲ್ಲೆಲ್ಲ ಹೆಸರಾದವಳು ನಾನು, ಅವತ್ತು ತುಟಿ ಬಿಚ್ಚಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಕಾಕಾರಿಗೆ ಗೊತ್ತಾಗದೆ ಇರುತ್ತದೆಯೇ? ಮರುದಿನ ಊಟದ ಹೊತ್ತಿಗೆ ಜೋಳದ ರೊಟ್ಟಿ ಮುರಿಯುತ್ತಾ ಅವರೇ ಹೇಳಿದರು. ಹಿಂದೆ ಅವರು ಸರ್ಕಾರಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದರಂತೆ. ಅಲ್ಲಿಗೆ ಹೊಸ ಯಂತ್ರ ಬಂದಾಗ ಕೆಲಸ ಬಿಡಿಸಿ ಕಳಿಸಿದರಂತೆ. "ಒಮ್ಮಿ ಮಷೀನು ನನ್ನ ಮನಿಗೆ ಕಳಿಸೈತಿ. ಎರಡನೇ ಸಲ ಹೋದ್ರ ನಿಮ್ಮ ಕಾಕು ಮುಂದ ಹ್ಯಾಂಗ ನಿಂದ್ರಲಿ?" ಕಾಕು ಎಂದರೆ ಅವರ ಹೆಂಡತಿ. ಇಷ್ಟು ಹೇಳಿ ನನ್ನ ತಟ್ಟೆಗೂ ಒಂದು ರೊಟ್ಟಿ ಹಾಕಿದರು.

ಮಂಗಳವಾರ ಬಂತು. ಅತಿಥಿ ಬರುವುದು ಹನ್ನೊಂದಕ್ಕೆ. ಅವತ್ತು ನಾಷ್ಟಾ ಕೇಳುವ ತಮಾಷೆ ಬೇಡ, ಮರ್ಯಾದೆ ಹೋಗುತ್ತದೆ ಎಂದು ಮ್ಯಾನೇಜರ್ ಕಾಕಾರಿಗೆ ತಾಕೀತು ಮಾಡಿದ್ದರು. ನನ್ನ ಪರದೆ ಗದ್ದೆಯ ಹಾಗೆ ಹಸಿರಾಗಿತ್ತು. "ಅಂತಾ ಗ್ರೀನೇ ಕದಾ?" ಎಂದು ಮ್ಯಾನೇಜರ್ ಮೂರು ಸಲ ಬಂದು ಇಣುಕಿ ಹೋದರು. ಎಲ್ಲಾ ಹಸಿರೇ ಸಾರ್, ಎಂದು ನಾನು ಮೂರು ಸಲವೂ ಹೇಳಿದೆ.

ಹತ್ತು ಗಂಟೆಗೆ ಕಾಕಾ ನನ್ನ ಮೇಜಿನ ಹತ್ತಿರ ಬಂದು ನಿಂತರು. ಮ್ಯಾನೇಜರರ ಮಾತು ಮೀರಿ, ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲರಿಗೂ ರಿಂಗ್ ಕೊಟ್ಟಿದ್ದರು. "ಮೂರನೇ ಮಾಳಿಗಿ ಪೂರಾ ಕೆಟ್ಟೈತಿ ತಂಗಿ. ಅವರ ಮಾತು ನನಗ ಕೇಳ್ತೈತಿ, ನನ್ನ ಮಾತು ಅವರಿಗೆ ಹೋಗವಲ್ದು."

"ಕಾಕಾ, ಇಲ್ಲಿ ನೋಡಿ, ಮೂರನೇ ಮಹಡಿ ಹಸಿರಿದೆ" ಎಂದು ರೇಗಿದೆ.

"ಹಸರು ಇರಲಿ. ನೀನ ಕೇಳು ಬಾ" ಎಂದು ನನ್ನನ್ನು ತಮ್ಮ ಕೋಣೆಗೆ ಕರೆದೊಯ್ದು ರಿಸೀವರನ್ನು ನನ್ನ ಕಿವಿಗಿಟ್ಟರು. ಆ ಕಡೆ ಒಬ್ಬ ಹುಡುಗಿ ಹಲೋ, ಹಲೋ, ಎವರಂಡೀ ಎನ್ನುತ್ತಿದ್ದಳು. ನಾನು ಎಷ್ಟು ಕೂಗಿದರೂ ಅವಳಿಗೆ ಕೇಳಿಸಲಿಲ್ಲ. ಅತಿಥಿ ಬಂದು ಕೂತು ಮಾತಾಡಿ ನೋಡುವುದು ಅದೇ ಮಹಡಿಯಲ್ಲಿ.

ತಪ್ಪು ಯಾರದೆಂದು ಹುಡುಕಲು ದೂರ ಹೋಗಬೇಕಾಗಲಿಲ್ಲ. ಹಿಂದಿನ ಸಂಜೆ ನನ್ನ ಸಾಫ್ಟ್‌ವೇರಿಗೆ ದಾರಿ ಮಾಡಿಕೊಡಲು ಮೂರನೇ ಮಹಡಿಯ ನೆಟ್‌ವರ್ಕಿನಲ್ಲಿ ನಾನೇ ಒಂದು ನಿಯಮ ಬದಲಿಸಿದ್ದೆ. ಅದು ಫೋನುಗಳ ಹಾಜರಿಯನ್ನು ಬಿಟ್ಟುಕೊಂಡು, ಒಳಗೆ ಹೋಗುವ ಧ್ವನಿಯನ್ನು ತಡೆದಿತ್ತು. ಫೋನ್ ಹಾಜರಿದೆಯೇ ಎಂದಷ್ಟೇ ನೋಡುತ್ತಿದ್ದ ಪರದೆ ಹಸಿರು ತೋರಿಸುತ್ತಲೇ ಇತ್ತು. ಹೊರಗಿನ ಕರೆಗಳು ಇನ್ನೂ ಶುರುವಾಗಿರಲಿಲ್ಲ, ಆ ಮಹಡಿಯವರು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಸರಿಯಾಗಿಯೇ ಕೇಳುತ್ತಿದ್ದರಿಂದ ಯಾರೂ ದೂರಿರಲಿಲ್ಲ. ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಸುಮ್ಮನೆ ಅಲ್ಲ.

ನಿಯಮ ಅಳಿಸಿ ಸರಿಯಾದದ್ದನ್ನು ಬರೆದೆ. ಕಾಕಾ ಪಕ್ಕದಲ್ಲೇ ಕೂತು ಫೋನ್ ಮಾಡುತ್ತಾ ಹೋದರು. ಮೊದಲನೆಯದಕ್ಕೆ ಉತ್ತರವಿಲ್ಲ. ಒಂದು ಸಾಲು ತಿದ್ದಿದೆ. ಮತ್ತೆ ಮಾಡಿದರು. "ನಾಷ್ಟಾ ಕ್ಯಾ ಕಿಯೇ ಅಮ್ಮಾ?" ಆ ಕಡೆಯಿಂದ ಪೂರಿ ಎಂಬ ಉತ್ತರ ನನಗೂ ಕೇಳಿಸಿತು. ಆಮೇಲೆ ಇಡ್ಲಿ, ದೋಸೆ, ಉಪವಾಸ... ಒಂದೊಂದು ಉತ್ತರಕ್ಕೂ ಕಾಕಾ ಟಿಕ್ ಹಾಕುತ್ತಾ, "ಆತು, ಮುಂದ" ಎನ್ನುತ್ತಿದ್ದರು. ಅಷ್ಟು ರುಚಿಯಾದ ತಿಂಡಿಗಳ ಹೆಸರನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಕೊನೆಯ ಟಿಕ್ ಬಿದ್ದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು.

ಅತಿಥಿ ಜಾಣೆ. ಪರದೆ ನೋಡಿ, ಹಸಿರು ಅಂದರೆ ಫೋನ್ ಇದೆ ಎಂದೋ, ಮಾತು ಕೇಳುತ್ತದೆ ಎಂದೋ, ಎಂದು ಕೇಳಿಬಿಟ್ಟರು. ಮ್ಯಾನೇಜರ್ ನನ್ನ ಮುಖ ನೋಡಿದರು. ಹೌದು, ಕೇಳುತ್ತದೆ ಎಂದು ನಾನು ಸುಳ್ಳು ಹೇಳಬಹುದಿತ್ತು. ಅವರಿಗೂ ಅದೇ ಬೇಕಿತ್ತು. ಆದರೆ ನುಂಗಿಕೊಂಡಿದ್ದ ಮಾತುಗಳೆಲ್ಲ ಅವತ್ತು ಒಟ್ಟಿಗೇ ಬಂದವು. ಒಂದು ಗಂಟೆ ಮುಂಚೆ ಮೂರನೇ ಮಹಡಿ ಹಸಿರೂ ಇತ್ತು, ಕಿವುಡೂ ಆಗಿತ್ತು, ತಪ್ಪು ನನ್ನದು, ಅದನ್ನು ಹಿಡಿದವರು ಆ ಬಾಗಿಲ ಹತ್ತಿರ ನಿಂತಿದ್ದಾರೆ ಎಂದೆ. ಮ್ಯಾನೇಜರ್ ಮುಖದಲ್ಲಿ ರಕ್ತವೇ ಇರಲಿಲ್ಲ.

ಆಕೆ ಕಾಕಾರನ್ನು ಕರೆದು ಹೇಗೆ ಪರೀಕ್ಷೆ ಮಾಡುತ್ತೀರಿ ಎಂದು ಕೇಳಿದರು. ಕಾಕಾ ಹಿಂದಿಯಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ ತಿರುಗಿಸಿದೆ: ಹಲೋ ಅಂದರೆ ಕೇಳದಿದ್ದವರೂ ಹಲೋ ಅನ್ನುತ್ತಾರೆ. ನಾಷ್ಟಾ ಏನೆಂದು ಕೇಳಿದರೆ, ಮಾತು ತಲುಪಿದ್ದರೆ ಮಾತ್ರ ಉತ್ತರ ಬರುತ್ತದೆ. ಆಕೆ ಎದ್ದು ಮೂರನೇ ಮಹಡಿಗೆ ಹೋಗಿ ಒಂದು ಫೋನಿನ ಮುಂದೆ ಕೂತರು, ತನಗೂ ಕೇಳಿ ಎಂದರು. ಕಾಕಾ ಕೇಳಿದರು. ಆಕೆ ತಿಂದದ್ದು ಏನೆಂದು ಈಗ ಮರೆತಿದ್ದೇನೆ... ನಕ್ಕಿದ್ದು ಮಾತ್ರ ನೆನಪಿದೆ.

ಆ ಗಿರಾಕಿಯ ಕೆಲಸ ನಮ್ಮ ಕಂಪನಿಗೇ ಸಿಕ್ಕಿತು. ಆಕೆ ಒಂದು ಷರತ್ತು ಹಾಕಿದ್ದರು: ಸಾಫ್ಟ್‌ವೇರ್ ಇರಲಿ, ಅದನ್ನು ನೋಡಿಕೊಳ್ಳುವವರು ಈ ಹಿರಿಯರೇ ಇರಲಿ. ಮನೆಗೆ ಹೋಗಬೇಕಿದ್ದ ಕಾಕಾ ಆ ತಿಂಗಳೇ ಅಡ್ಮಿನ್ ಆದರು. ನಾನು ಕಲಿಸಿದೆ. ಒಂದೇ ಬೆರಳಲ್ಲಿ ಟೈಪ್ ಮಾಡುತ್ತಿದ್ದರು, ಪಾಸ್‌ವರ್ಡನ್ನು ಜೋರಾಗಿ ಓದಿ ಹೇಳಿಬಿಡುತ್ತಿದ್ದರು, ನಾನು ಬೈಯುತ್ತಿದ್ದೆ. "ಬೈ ತಂಗಿ, ಇಸ್ಕೂಲಿನಾಗೂ ಬೈಸ್ಕೊಂಡs ಕಲ್ತೀನಿ" ಎನ್ನುತ್ತಿದ್ದರು. ಆರು ತಿಂಗಳಲ್ಲಿ ನನಗೆ ಗೊತ್ತಿಲ್ಲದ ಮೂಲೆಗಳು ಅವರಿಗೆ ಗೊತ್ತಿದ್ದವು. ಪುಣೆ, ಚೆನ್ನೈ ಆಫೀಸುಗಳ ಫೋನುಗಳೂ ಅವರ ಪರದೆಗೆ ಬಂದವು. ಗೇಲಿ ಮಾಡುತ್ತಿದ್ದವರೇ ಒಂದು ದಿನ ಅವರ ಫೋನ್ ತಡವಾದರೆ, ಕಾಕಾ ಯಾಕೆ ಕೇಳಲಿಲ್ಲ ಎಂದು ನನ್ನನ್ನು ವಿಚಾರಿಸುತ್ತಿದ್ದರು. ಎರಡನೇ ಸಲ ಅವರು ಮನೆಗೆ ಹೋದದ್ದು ಹಾರ ಹಾಕಿಸಿಕೊಂಡು, ನಿವೃತ್ತಿಯ ದಿನ. ಕಾಕು ಅವತ್ತು ಇಳಕಲ್ ಸೀರೆ ಉಟ್ಟು ಬಂದಿದ್ದರು. ನನಗೆ ನನ್ನ ಮದುವೆಯ ದಿನವೂ ಅಷ್ಟು ಹೆಮ್ಮೆಯಾಗಿರಲಿಲ್ಲ.

ಆಮೇಲೆ ಕಂಪನಿ ಬದಲಾಯಿತು, ಮಕ್ಕಳಾದರು, ಮಿಯಾಪುರಕ್ಕೆ ಬಂದೆವು. ಮೊದಲು ವಾರಕ್ಕೊಮ್ಮೆ ಇದ್ದ ಮಾತು ಹಬ್ಬಕ್ಕೊಮ್ಮೆ ಆಯಿತು, ಆಮೇಲೆ...

ಕಾಕಾ ತೀರಿಕೊಂಡದ್ದು ನನಗೆ ತಿಳಿದದ್ದು ನಾಲ್ಕು ತಿಂಗಳ ಮೇಲೆ, ಅದೂ ಹಳೆಯ ಸಹೋದ್ಯೋಗಿಯೊಬ್ಬಳು ಮಾತಿನ ನಡುವೆ ಹೇಳಿದ್ದರಿಂದ. ಮೆಹದಿಪಟ್ಟಣಂಗೆ ಓಡಿದೆ. ಯಾಕೆ ತಿಳಿಸಲಿಲ್ಲ ಎಂದು ಕಾಕು ಮುಂದೆ ಜಗಳವನ್ನೇ ತೆಗೆದೆ. "ಜಡ್ಡು ಬಿದ್ದಾಗs ಹೇಳೂಣಂದ್ನಿ. ಅವರs ಬ್ಯಾಡಂದ್ರು. ಆಕಿ ಕೆಲಸದಾಗ ಇರ್ತಾಳ, ತ್ರಾಸ ಕೊಡಬ್ಯಾಡ ಅಂದ್ರು" ಎಂದು ಕಾಕು ನನ್ನ ತಲೆ ಸವರಿದರು. ನಾನು ಜೋರಾಗಿ ಅತ್ತೆ, ಅವರೇ ನನ್ನನ್ನು ಸಮಾಧಾನ ಮಾಡಬೇಕಾಯಿತು.

ಮೂರು ಊರುಗಳ ಯಾವ ಫೋನ್ ಸತ್ತರೂ ಅರ್ಧ ನಿಮಿಷದಲ್ಲಿ ತಿಳಿಯುವ ಹಾಗೆ ಮಾಡಿದವಳು ನಾನು. ಈಗಲೂ ಅದೇ ಕೆಲಸ ಮಾಡುತ್ತೇನೆ, ಅದೇ ಅನ್ನ ತಿನ್ನುತ್ತೇನೆ. ಹೊಸದಾಗಿ ಸೇರುವ ಹುಡುಗ ಹುಡುಗಿಯರಿಗೆ ಆ ಮಂಗಳವಾರದ ಕತೆ ಹೇಳುತ್ತೇನೆ, ಅವರು ಚಪ್ಪಾಳೆ ತಟ್ಟುತ್ತಾರೆ. ಅವತ್ತು ಗೆದ್ದವರು ನಾವಿಬ್ಬರು. ಹೌದಲ್ಲ ಕಾಕಾ ಎಂದು ಕೇಳೋಣವೆಂದರೆ ಪಕ್ಕದಲ್ಲಿ ಅವರಿಲ್ಲ.