ರಂಗೋಲಿಯಲ್ಲಿ ಬರೆದ ಊರು

ನಮ್ಮೂರು ಹೆದ್ದಾರಿ ಬದಿಯ ಆವತಿಯಿಂದ ಸ್ವಲ್ಪ ಒಳಗಿದೆ. ನಾನು ಪಂಚಾಯಿತಿ ಸದಸ್ಯೆಯಾಗಿದ್ದಾಗ, ಊರಿನ ಅಭಿವೃದ್ಧಿ ಯೋಜನೆಯನ್ನು ಊರವರೇ ಮಾಡಬೇಕು ಎನ್ನುತ್ತ ತಾಲ್ಲೂಕಿನಿಂದ ಒಬ್ಬ ಅಧಿಕಾರಿ ಬಂದರು. ಹಾಲಿನ ಡೇರಿಯ ಮುಂದಿನ ಅಂಗಳ ಗುಡಿಸಿ, ಅಲ್ಲಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬರೆಯಿರಿ ಎಂದರು. ಎಲ್ಲಿ ಏನಿದೆ, ಎಲ್ಲಿ ಏನು ಬೇಕು, ಎರಡನ್ನೂ.

ನಮಗೆ ಬೇಕಾಗಿದ್ದು ಒಂದು ಶೆಡ್ಡು. ಗುಲಾಬಿ ಬಿಡಿಸಿ, ಮಾರುಕಟ್ಟೆಯ ವ್ಯಾನು ಬರುವ ತನಕ ಬಿಸಿಲಿನಲ್ಲೇ ಇಟ್ಟುಕೊಂಡು ಕೂರುತ್ತಿದ್ದೆವು. ಎಷ್ಟೋ ಹೂವು ಅಲ್ಲೇ ಬಾಡಿಹೋಗುತ್ತಿತ್ತು. ಹಾಗಾಗಿ ನಾನೇ ಮನೆಮನೆಗೆ ಹೋಗಿ ಹೆಂಗಸರನ್ನು ಕರೆತಂದಿದ್ದೆ.

ಮೊದಮೊದಲು ಎಲ್ಲರೂ ನಗುತ್ತಲೇ ಬರೆದರು. ಕೆರೆ ಬಂತು, ಶಾಲೆ ಬಂತು, ಅರಳಿಕಟ್ಟೆ ಬಂತು. ಇನ್ನು ನಿಮ್ಮ ಹೊಲಗಳನ್ನು ಗುರುತಿಸಿ ಎಂದು ಅಧಿಕಾರಿ ಹೇಳಿದಾಗ ಕೈಗಳು ನಿಂತವು. ಪಕ್ಕದ ಊರಿನ ಹೊಲಗಳಿಗೆ ಆಗಷ್ಟೇ ಕೈಗಾರಿಕಾ ಪ್ರದೇಶಕ್ಕೆ ಬಿಟ್ಟುಕೊಡಬೇಕೆಂಬ ನೋಟಿಸು ಬಂದಿತ್ತು.

"ಹೊಲ ಯಾತಕ್ ಕೇಳ್ತಾವ್ರೆ?" ಹಿಂದಿನಿಂದ ಯಾರೋ ಅಂದರು.

"ನಿಮ್ಮ ಯೋಜನೆಗೇ ಅಮ್ಮ," ಎಂದರು ಅಧಿಕಾರಿ.

"ಆ ಊರಲ್ಲೂ ಹಿಂಗೇ ಕೇಳಿದ್ರಂತೆ."

ನಾನು ಆಗ ನಮ್ಮ ಹೊಲದ ಗಡಿ ಎಳೆಯುತ್ತಿದ್ದೆ. ನಮ್ಮತ್ತೆ ನಕ್ಷೆಯೊಳಕ್ಕೆ ಕಾಲಿಟ್ಟು, ಬಗ್ಗಿ, ಆ ಗೆರೆಯನ್ನು ಸೆರಗಿನಿಂದ ಒರೆಸಿಬಿಟ್ಟರು. "ನಮ್ದು ಇಲ್ಲೆಲ್ಲೂ ಇಲ್ಲ. ಹಂಗಂತ ಬರ್ಕೊಳಿ." ಉಳಿದವರೂ ನುಗ್ಗಿದರು. ನೋಡನೋಡುತ್ತಿದ್ದಂತೆ ಊರು ಬಿಳಿ ಧೂಳಾಯಿತು.

ಅಷ್ಟರಲ್ಲಿ ಅಧಿಕಾರಿಯ ಜೊತೆ ಬಂದಿದ್ದ ಹುಡುಗಿ ಮೊಬೈಲಿನಲ್ಲಿ ನಕ್ಷೆಯ ಫೋಟೊ ತೆಗೆದಾಗಿತ್ತು. ನಾನು ಅವಳನ್ನು ಪಕ್ಕಕ್ಕೆ ಕರೆದೆ. "ಅಳಿಸ್ಬಿಡಮ್ಮ, ನಿಂಗ್ ಕೈ ಮುಗೀತೀನಿ." ಅವಳು ನನ್ನ ಕಣ್ಣೆದುರೇ ಅಳಿಸಿದಳು. ಅದಕ್ಕೆ ಮೊದಲೇ ಎಲ್ಲಿಗಾದರೂ ಕಳಿಸಿದ್ದಳೇ? ಕೇಳಲು ನನಗೆ ಧೈರ್ಯವಾಗಲಿಲ್ಲ. ಡೇರಿಯ ಪಕ್ಕದ ಪಂಚಾಯಿತಿ ಜಾಗದಲ್ಲಿ ಒಂದು ಶೆಡ್ಡು ಸಾಕು, ಬೇರೇನೂ ಬರೆಯಬೇಡಿ ಎಂದು ಅಧಿಕಾರಿಗೆ ಬಾಯಲ್ಲೇ ಹೇಳಿ ಕಳಿಸಿದೆ.

ಆಮೇಲಿನ ತಿಂಗಳುಗಳಲ್ಲಿ ಅಂಚೆಯವನ ಸೈಕಲ್ಲು ಕಂಡರೂ ನೋಟಿಸು ತಂದನೇನೋ ಎಂದು ಬಾಗಿಲಿಗೆ ಬರುತ್ತಿದ್ದೆ. ಒಂದು ಬೆಳಿಗ್ಗೆ ರಸ್ತೆ ಬದಿಯಲ್ಲಿ ಮೂರು ಕಾಲಿನ ಯಂತ್ರ ನಿಲ್ಲಿಸಿಕೊಂಡು ಇಬ್ಬರು ಅಳತೆ ಮಾಡುತ್ತಿದ್ದರು. ಯಂತ್ರದ ಮುಖ ಡೇರಿಯ ಆಚೆಗಿರುವ ನಮ್ಮ ಹೊಲದ ಕಡೆಗೇ ಇತ್ತು. ಅತ್ತೆ ಓಡಿಹೋಗಿ ಅದಕ್ಕೆ ಅಡ್ಡ ನಿಂತರು. ನಾನು ಹಿಂದೆ ಓಡಿದೆ. ಅತ್ತೆಯೇ ಕೇಳಿದರು.

"ಯಾರ್ ಹೊಲ ಅಳೀತಿದೀರಪ್ಪಾ?"

"ಹೊಲ ಅಲ್ಲಜ್ಜಿ, ಡೇರಿ ಪಕ್ಕ ಹೂವಿನ ಶೆಡ್ ಬರ್ತದಲ್ಲ, ಅದ್ಕೆ."

ಅತ್ತೆ ನಂಬಲಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಲಿಲ್ಲ. ಅವರು ಯಂತ್ರ ಮಡಚಿಕೊಂಡು ಹೋಗುವ ತನಕ ಇಬ್ಬರೂ ಅಲ್ಲಿಂದ ಕದಲಲಿಲ್ಲ.

ಅವರು ಹೇಳಿದ್ದು ನಿಜವೇ ಆಗಿತ್ತು. ಶೆಡ್ಡು ಬಂತು. ಈಗ ಹೆಂಗಸರೆಲ್ಲ ಅದರ ನೆರಳಿನಲ್ಲಿ ಕೂತು ಗುಲಾಬಿ ಕಟ್ಟು ಕಟ್ಟುತ್ತೇವೆ, ಹೂವು ಬಾಡುವುದಿಲ್ಲ. ನಮ್ಮೂರಿಗೆ ನೋಟಿಸು ಬಂದಿಲ್ಲ, ಇಲ್ಲಿಯ ತನಕ. ಆದರೂ ಹೊರಗೆ ಗುರುತಿಲ್ಲದ ಕಾರು ನಿಂತರೆ ಎಲ್ಲರೂ ಅತ್ತ ತಿರುಗುತ್ತಾರೆ. ಸದಸ್ಯೆಯಾಗಿದ್ದವಳು ಅಂತ ನನ್ನ ಮುಖ ನೋಡುತ್ತಾರೆ. ಕೈಯಲ್ಲಿದ್ದ ಹೂವು ಕೆಳಗಿಟ್ಟು, ಯಾರೆಂದು ಕೇಳಲು ನಾನೇ ಎದ್ದು ಹೋಗುತ್ತೇನೆ.