ಎದೆಯ ಹೊಗೆ ಅಳೆಯುವ ಯಂತ್ರ

ನೀಲವ್ವ ಒಲೆಯ ಮುಂದಿನಿಂದ ಎದ್ದು ಬಂದು ನನ್ನೆದುರು ಕುಳಿತರು. ಸೆರಗು ಸರಿಪಡಿಸಿಕೊಂಡು ಬೆನ್ನು ನೆಟ್ಟಗೆ ಮಾಡಿದರು.

“ಯವ್ವಾ, ಆ ಮಷೀನ್ ನನ್ನ ಎದಿಗೂ ಹಚ್ಚಿ ನೋಡು. ಒಳಗ ಎಷ್ಟ ಹೊಗಿ ಕುಂತೈತಿ ಹೇಳು.”

ಧಾರವಾಡದಲ್ಲಿ ಸುಸ್ಥಿರ ಇಂಧನ ತಂತ್ರಜ್ಞಾನದಲ್ಲಿ ಎಂ.ಟೆಕ್ ಓದುತ್ತಿರುವ ನಾನು, ಕಟ್ಟಿಗೆ ಒಲೆಗಳ ಹೊಗೆ ಅಳೆಯಲು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಗ್ರಾಮಕ್ಕೆ ಹೋಗಿದ್ದೆ. ನೀಲವ್ವ ಹುಬ್ಬಳ್ಳಿಯ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವವರು. ಅವರ ಅಡುಗೆಮನೆಯ ಗಾಳಿ ಅಳೆದು ಮುಗಿಸಿ ಉಪಕರಣವನ್ನು ಚೀಲಕ್ಕೆ ಹಾಕುತ್ತಿದ್ದೆ.

“ಇದು ಮನ್ಯಾಗಿನ ಗಾಳಿ ಅಷ್ಟ ಅಳೀತೈತ್ರಿ ಅವ್ವಾರ” ಎಂದೆ.

ಅವರ ಮುಖ ಇಳಿಯಿತು. ಹೊಗೆ ನೋಡುವವರು ಬರುತ್ತಾರೆಂದು ಕೇಳಿ, ಡಾಕ್ಟರೇ ಬರುತ್ತಾರೆಂದು ತಿಳಿದಿದ್ದರು. ಮಳೆಗಾಲದಿಂದ ಬಿಡದೆ ಕಾಡುತ್ತಿದ್ದ ಎದೆನೋವನ್ನು ಮನೆಯಲ್ಲಿ ಯಾರಿಗೂ ಹೇಳದೆ ನನಗಾಗಿ ಕಾದಿದ್ದರು. ಅವರು ಅದನ್ನು ನನಗೆ ಹೇಳಿದಾಗಲೇ ಬಾಗಿಲಲ್ಲಿ ನಿಂತಿದ್ದ ಸೊಸೆಗೂ ಗೊತ್ತಾಯಿತು.

“ನಾಳೆ ರೊಟ್ಟಿ ಇಲ್ಲಂತ ಹೇಳಿ ಕಳಸ್ತೀನ್ರಿ ಅತ್ತಿ. ದವಾಖಾನಿಗೆ ಹೋಗೂಣು” ಎಂದಳು.

ಮರುದಿನ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರಿಬ್ಬರ ಜೊತೆ ನಾನೂ ಸರದಿಯಲ್ಲಿ ನಿಂತೆ. ನೀಲವ್ವನ ಶ್ವಾಸಕೋಶ ಹಾಳಾಗುತ್ತಿದೆ ಎಂದ ವೈದ್ಯರು, ಔಷಧಿ ಬರೆದುಕೊಟ್ಟು, ಇನ್ನು ಹೊಗೆಯ ಹತ್ತಿರ ಹೋಗಲೇಬೇಡಿ ಎಂದರು. ನೀಲವ್ವ ಆ ಮಾತು ಪಾಲಿಸಿದರು. ನೋವು ಕಡಿಮೆಯಾಗಿದೆಯಂತೆ.

ಕಳೆದ ವಾರ ಎರಡನೆಯ ಅಳತೆಗೆ ಹೋದಾಗ ಒಲೆಯ ಮುಂದೆ ಸೊಸೆ ಕುಳಿತು ರೊಟ್ಟಿ ಬೇಯಿಸುತ್ತಿದ್ದಳು. ಹೊಗೆಯ ಅಂಕಿ ಮೊದಲಿನಷ್ಟೇ ಬಂತು. “ಎಷ್ಟ ಬಂತ್ರಿ?” ಎಂದು ಅವಳು ಕೇಳಿದಾಗ ಉಪಕರಣವನ್ನು ಅವಳತ್ತ ತಿರುಗಿಸಿ ಆ ಅಂಕಿ ತೋರಿಸಿದೆ.